ಮಾತಾಡದ ಮಾಸ್ಟರು, ಸುಮ್ಮನಿರದ ಬೆಂಚು

ದೆಹಲಿಯ ಮುನಿರ್ಕಾದಲ್ಲಿ ಭಾನುವಾರ ಬೆಳಗ್ಗೆ ಯಾರಿಗಾದರೂ ಗಾಳಿಗೆ ಒಂದು ಒದೆ ಕೊಡಬೇಕು ಅನ್ನಿಸಿದರೆ ಮೊದಲು ಅದಕ್ಕೊಂದು ಜಾಗ ಹುಡುಕಬೇಕು. ಡಿಡಿಎ ಫ್ಲ್ಯಾಟುಗಳ ನಡುವಿನ ಪಾರ್ಕಿನಲ್ಲಿ ಆ ಹೊತ್ತಿಗೆ ಒಂದು ಮೂಲೆ ಪ್ರಾಣಾಯಾಮದವರ ಪಾಲು, ಇನ್ನೊಂದು ನಗೆಕೂಟದವರ ಪಾಲು, ಸುತ್ತಲಿನ ಕಾಲುದಾರಿ ಮಂಡಿನೋವಿನವರ ಪಿತ್ರಾರ್ಜಿತ ಆಸ್ತಿ. ನಡುವೆ ಹುಲ್ಲು ಸತ್ತು ಬರೀ ಮಣ್ಣು ಉಳಿದ ತುಂಡು ಜಾಗ ಟೇಕ್ವಾಂಡೋ ಮಕ್ಕಳದು. ಅತ್ತ ನಗೆಕೂಟದವರು ಕೈ ಮೇಲೆತ್ತಿ ‘ಹೋ ಹೋ, ಹಾ ಹಾ ಹಾ’ ಅನ್ನುವುದಕ್ಕೂ ಇತ್ತ ಒಬ್ಬ ಹುಡುಗ ಒದೆಯಲು ಹೋಗಿ ಕುಂಡೆ ಊರುವುದಕ್ಕೂ ಸರಿಹೋಯಿತೋ, ಆ ಹುಡುಗ ಮುಂದಿನ ವಾರ ಬರುವುದಿಲ್ಲ.

ಮಕ್ಕಳು ಕೊರಿಯನ್ನಿನಲ್ಲಿ ಎಣಿಸುತ್ತವೆ. ಹಾನಾ, ದುಲ್, ಸೆತ್, ನೆತ್. ಇವುಗಳಲ್ಲಿ ನಾಲ್ಕೈದು ಕನ್ನಡದ ಕುಡಿಗಳೂ ಇವೆ. ಊರಿಂದ ಅಜ್ಜಿ ಫೋನು ಮಾಡಿ ‘ನನಗೀಗ ಎಪ್ಪತ್ತೊಂಬತ್ತು ಕಣೋ ಪುಟ್ಟಾ’ ಅಂದರೆ, ಫೋನಿಗೆ ಕೈ ಅಡ್ಡ ಹಿಡಿದು ‘ಅಪ್ಪಾ, ಹಾಗಂದ್ರೆ ಎಷ್ಟು?’ ಎಂದು ಕೇಳುವ ಕುಡಿಗಳು.

ಮಾಸ್ಟರ್‌ಜೀ ಮಣಿಪುರದವರು. ಇರುವುದು ಪಕ್ಕದ ಮುನಿರ್ಕಾ ಹಳ್ಳಿಯಲ್ಲಿ. ಹಳ್ಳಿ ಅಂದ ಕೂಡಲೇ ಹೊಲ, ಬಾವಿ, ಬೇವಿನಮರ ಎಂದೆಲ್ಲ ಕಣ್ಣಮುಂದೆ ತಂದುಕೊಳ್ಳಬೇಡಿ. ಟೋಕಸ್ ಮನೆತನದ ಜಾಟರ ಈ ಊರಿನ ಹೊಲಗಳನ್ನು ದೆಹಲಿ ಎಂದೋ ನುಂಗಿ ನೀರು ಕುಡಿಯಿತು. ಉಳಿದ ಮನೆಗಳು ಮೇಲೆ ಮೇಲೆ ಏರಿದವು. ಗಲ್ಲಿಯಲ್ಲಿ ನಿಂತು ತಲೆಯೆತ್ತಿದರೆ ಆಕಾಶಕ್ಕಿಂತ ಮೊದಲು ಕರೆಂಟಿನ ವೈರು ಸಿಕ್ಕುತ್ತದೆ. ಒಂದೊಂದು ಮಹಡಿಯಲ್ಲಿ ಒಂದೊಂದು ರಾಜ್ಯ. ಕೆಳಗೆ ಮೋಮೋ ಅಂಗಡಿ, ಮೇಲೆ ಐಎಎಸ್ ಪರೀಕ್ಷೆಗೆ ಓದುವ ಬಿಹಾರದ ಹುಡುಗರು, ಅದರ ಮೇಲೆ ನಮ್ಮ ಮಾಸ್ಟರ್‌ಜೀ ಮತ್ತು ಆಸ್ಪತ್ರೆಯಲ್ಲಿ ನರ್ಸಾಗಿರುವ ಅವರ ತಂಗಿ.

ಮಾಸ್ಟರ್‌ಜೀ ಬಗ್ಗೆ ಪಾರ್ಕಿನ ಏಕೈಕ ದೂರು ಅಂದರೆ ಅವರು ಮಾತಾಡುವುದಿಲ್ಲ. ಅವರ ಶಬ್ದಭಂಡಾರದಲ್ಲಿ ಇರುವುದು ಎರಡೇ ಸರಕು. ಮಗು ತಪ್ಪು ಮಾಡಿದರೆ ‘ಫಿರ್ ಸೇ’. ಮಗು ಬಂದು ‘ಸರ್, ಕೈಸೇ?’ ಎಂದು ಕೇಳಿದರೆ ‘ಖುದ್ ಢೂಂಢೋ’. ಮತ್ತೆ ಮಾಡು, ನೀನೇ ಹುಡುಕಿಕೋ. ಅಷ್ಟು ಹೇಳಿ ಬೆನ್ನಹಿಂದೆ ಕೈಕಟ್ಟಿ ನಿಂತುಬಿಡುತ್ತಾರೆ.

ಅವರು ಉಳಿಸಿದ ಮಾತನ್ನೆಲ್ಲ ಖರ್ಚು ಮಾಡಲು ಒಂದು ಬೆಂಚಿದೆ. ಅಪ್ಪ ಅಮ್ಮಂದಿರ ಬೆಂಚು. ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲಿ ಮೊಬೈಲು, ಬಾಯಲ್ಲಿ ಟೇಕ್ವಾಂಡೋ. ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿಯಾಗಿರುವ ನಮ್ಮ ಕನ್ನಡಿಗರೊಬ್ಬರು ಜೀವಮಾನದಲ್ಲಿ ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಿದವರಲ್ಲ, ಚಪ್ಪಲಿ ಹಾಕಿಕೊಳ್ಳುವುದೂ ಕುಳಿತೇ. ಆದರೆ ಮಗಳು ಒದೆಯಲು ನಿಂತ ಕೂಡಲೇ ‘ಮಂಡಿ ಮೊದಲು ಎತ್ತೇ! ಸೊಂಟ ತಿರುಗ್ಸು! ಹಿಮ್ಮಡಿ ನೋಡ್ಕೋ!’ ಎಂದು ಆಜ್ಞೆಯ ಮೇಲೆ ಆಜ್ಞೆ ಹೊರಡಿಸುತ್ತಾರೆ. ಆ ಮಗು ಮಂಡಿಯನ್ನೂ ಸೊಂಟವನ್ನೂ ಹಿಮ್ಮಡಿಯನ್ನೂ ಅಪ್ಪನನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಲು ಹೋಗಿ, ಒಂಟಿಕಾಲಿನ ಮೇಲೆ ನಿಂತು, ಕಡೆಗೆ ಯಾವ ಕಾಲು ಎತ್ತಿದ್ದೆ ಎಂಬುದನ್ನೇ ಮರೆಯುತ್ತದೆ.

‘ಕಲ್ಸೋದಕ್ಕೆ ಅಂತ ಫೀಸು ತಗೊಂಡು, ನೀನೇ ಹುಡುಕ್ಕೋ ಅಂದ್ರೆ ಹೇಗ್ರೀ?’ ಎಂಬುದು ಅವರ ವಾದ. ಹಳದಿ ಬೆಲ್ಟಿನ ಪರೀಕ್ಷೆಗೆ ಒಂದು ಫೀಸು, ಹಸಿರಿಗೆ ಇನ್ನೊಂದು, ನೀಲಿಗೆ ಮತ್ತೊಂದು. ಕಾಮನಬಿಲ್ಲು ಪೂರ್ತಿಯಾಗುವಷ್ಟರಲ್ಲಿ ಭವಿಷ್ಯನಿಧಿಗೆ ಕೈ ಹಾಕಬೇಕು. ಅಷ್ಟು ಕೊಟ್ಟ ಮೇಲೆ ನಾಲ್ಕು ಮಾತು ಆಡಬಾರದೇ? ಕಾಲೋನಿಯ ವಾಟ್ಸಾಪ್ ಗುಂಪಿನಲ್ಲೂ ಈ ವಿಷಯ ಬಂತು. ಕಸದ ಗಾಡಿ ಬಂದಿಲ್ಲವೆಂಬ ದೂರಿಗೂ ‘ಗುಡ್ ಮಾರ್ನಿಂಗ್’ ಗುಲಾಬಿಗೂ ನಡುವೆ ಸಿಕ್ಕಿ ಅಲ್ಲೇ ಸತ್ತಿತು.

ಒಂದು ಭಾನುವಾರ ಮಾಸ್ಟರ್‌ಜೀ ಸುಣ್ಣದ ಪುಡಿ ತಂದು ನೆಲದ ಮೇಲೆ ಒಂದು ವೃತ್ತ ಬರೆದರು. ಇಬ್ಬಿಬ್ಬರನ್ನೇ ಒಳಗೆ ನಿಲ್ಲಿಸಿ, ಕೈಗಳನ್ನು ಬೆನ್ನಹಿಂದೆ ಅವರವರ ಬೆಲ್ಟಿನಿಂದಲೇ ಕಟ್ಟಿ, ಹೆಗಲಿನಿಂದ ತಳ್ಳಿ ಹೊರಗೆ ಹಾಕು ಎಂದು ಸನ್ನೆ ಮಾಡಿದರು. ಮಾತು? ಇಲ್ಲ. ಅಂಡರ್ ಸೆಕ್ರೆಟರಿಗಳ ಕಡ್ಡಿಯಂಥ ಮಗಳ ಎದುರಿಗೆ ಬಂದವನು ಬೆಣ್ಣೆ ಪರಾಠದಲ್ಲಿ ಬೆಳೆದ ಪಂಜಾಬಿ ಹುಡುಗ. ಮೊದಲ ಸಲ ಅವಳು ವೃತ್ತದಿಂದ ಹಾರಿಯೇ ಹೋದಳು. ಎರಡನೇ ಸಲವೂ. ಆಮೇಲಾಮೇಲೆ ಮಂಡಿ ತಾನಾಗಿ ಬಗ್ಗಿತು, ಸೊಂಟ ಕೆಳಗಿಳಿಯಿತು, ಕಾಲು ಅಗಲವಾಯಿತು. ಮತ್ತೂ ಸ್ವಲ್ಪ ಹೊತ್ತಿಗೆ ಅವಳಿಗೆ ಇನ್ನೊಂದು ಗುಟ್ಟು ಸಿಕ್ಕಿತು. ಅವನು ನುಗ್ಗಿದಾಗ ಎದುರು ನಿಲ್ಲಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ಪಕ್ಕಕ್ಕೆ ಒಂದು ಹೆಜ್ಜೆ ಸರಿದಳು. ಪರಾಠ ತನ್ನ ವೇಗದಲ್ಲೇ ಗೆರೆ ದಾಟಿ ನಗೆಕೂಟದ ಮಡಿಲಿಗೆ ಹೋಗಿ ಬಿತ್ತು.

ಮಾಸ್ಟರ್‌ಜೀ ಮುಖದಲ್ಲಿ ನಗು ಬಂತೋ ಇಲ್ಲವೋ ಹೇಳುವುದು ಕಷ್ಟ. ವೃತ್ತವನ್ನು ಕಾಲಿನಿಂದ ಅಳಿಸಿ ಇನ್ನೂ ಚಿಕ್ಕದಾಗಿ ಬರೆದರು. ಅಪ್ಪ ತಿಂಗಳುಗಟ್ಟಲೆ ಕೂಗಿ ಕೂಗಿ ಬಗ್ಗಿಸಲಾಗದ ಮಂಡಿಯನ್ನು ಸುಣ್ಣದ ಗೆರೆ ಬಗ್ಗಿಸಿದ್ದು ಬೆಂಚಿಗೆ ಬಹಳ ಅವಮಾನವಾಯಿತು.

ಬೆಂಚಿನ ತುದಿಯಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ಕೂರುತ್ತಾನೆ. ಜೆಎನ್‌ಯುನಲ್ಲಿ ಪಿಎಚ್‌ಡಿ. ಮಕ್ಕಳಿಲ್ಲ, ಮದುವೆಯೂ ಇಲ್ಲ, ಬರುವುದು ಫ್ಲಾಸ್ಕಿನ ಕಾಫಿಗೆ. ಕಾಫಿಗೆ ಪ್ರತಿಯಾಗಿ ನಮಗೆ ಸಿದ್ಧಾಂತ ಕೊಡುತ್ತಾನೆ. ‘ಆಂಟಿ, ಇದು ಹೊಸದೇನಲ್ಲ’ ಎಂದು ಶುರು ಮಾಡಿದ. ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ರಷ್ಯದ ವಿಜ್ಞಾನಿ 1920ರ ದಶಕದಲ್ಲಿ ಮಾಸ್ಕೋದ ಕಾರ್ಮಿಕ ಸಂಸ್ಥೆಯೊಂದರಲ್ಲಿ, ಸುತ್ತಿಗೆ ಹಿಡಿದ ನುರಿತ ಕೆಲಸಗಾರರ ತೋಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ ಫೋಟೊ ತೆಗೆದನಂತೆ. ಏಟು ಬೀಳುವುದು ಪ್ರತಿಸಲವೂ ಅಲ್ಲಿಯೇ. ಆದರೆ ಭುಜ, ಮೊಣಕೈ, ಮಣಿಕಟ್ಟು ಸಾಗಿ ಬಂದ ದಾರಿ ಒಂದು ಏಟಿನದು ಇನ್ನೊಂದರ ಹಾಗಿಲ್ಲ. ಕೈಪಳಗಿದವನು ಒಂದೇ ಚಲನೆಯನ್ನು ನಕಲು ಮಾಡುತ್ತಿರುವುದಿಲ್ಲ, ಒಂದೇ ಲೆಕ್ಕವನ್ನು ಪ್ರತಿಸಲ ಹೊಸದಾಗಿ ಬಿಡಿಸುತ್ತಿರುತ್ತಾನೆ. ಹೀಗಿರುವಾಗ ‘ಸೊಂಟ ಇಷ್ಟೇ ತಿರುಗಿಸು’ ಎಂದು ಹೇಳಿಕೊಟ್ಟರೆ ಮಗುವಿಗೆ ಸಿಕ್ಕುವುದು ಯಾರದೋ ಲೆಕ್ಕದ ಉತ್ತರ. ನಾಳೆ ಎದುರಾಳಿ ಅರ್ಧ ಅಡಿ ಹತ್ತಿರ ಬಂದರೆ ಆ ಉತ್ತರ ಸುಳ್ಳು.

‘ಅಂದ್ರೆ ಮೇಷ್ಟ್ರು ಬಾಯಿ ಮುಚ್ಕೊಂಡಿರೋದೇ ಸರಿ ಅಂತೀಯಾ?’ ಎಂದರು ನಮ್ಮ ಮನೆಯವರು.

‘ಇಲ್ಲ ಅಂಕಲ್. ನಮ್ಮ ಗೈಡೂ ಖುದ್ ಢೂಂಢೋ ಅಂತಲೇ ಹೇಳೋದು. ಅವರು ಸರ್ಕಲ್ ಬರೆಯೋಲ್ಲ, ಅಷ್ಟೇ. ನಾನು ಆರು ವರ್ಷದಿಂದ ಬಯಲಲ್ಲಿ ಹುಡುಕ್ತಾ ಇದೀನಿ.’

ಹುಡುಗನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಇಡೀ ಬೆಂಚಿನಲ್ಲಿ ಅಷ್ಟು ಬೆಲೆಬಾಳುವ ಮಾತು ಅದೊಂದೇ. ಸುಮ್ಮನಿರುವ ಗುರುಗಳಲ್ಲಿ ಎರಡು ಜಾತಿ. ಒಬ್ಬರು ಬೋನು ಒಡ್ಡಿ ಸುಮ್ಮನಿರುತ್ತಾರೆ, ಇನ್ನೊಬ್ಬರು ಬರಿದೇ ಸುಮ್ಮನಿರುತ್ತಾರೆ. ದೂರದಿಂದ ನೋಡಿದರೆ ಇಬ್ಬರೂ ಬೆನ್ನಹಿಂದೆ ಕೈಕಟ್ಟಿದವರೇ. ಎರಡನೆಯವರ ಕೈಯಲ್ಲಿ ಮೊಬೈಲು ಇದೆಯೇ ಎಂದು ಹಿಂದಿನಿಂದ ಹೋಗಿ ನೋಡಬೇಕು.

ಜೂಡೋ ಹುಟ್ಟಿದ್ದೇ ಇಂಥ ಒಬ್ಬ ಮಾತಾಡದ ಗುರುವಿನ ಕೆಳಗೆ ಅನ್ನಬಹುದು. ಜಿಗೋರೋ ಕಾನೋ 1877ರ ಸುಮಾರಿಗೆ ಟೋಕಿಯೊದಲ್ಲಿ ಫುಕುದಾ ಎಂಬವರ ಬಳಿ ಜುಜುತ್ಸು ಕಲಿಯಲು ಹೋದ. ಬಡಕಲು ದೇಹದ, ಚೆನ್ನಾಗಿ ಓದಿಕೊಂಡ ಹುಡುಗ. ಓದಿಕೊಂಡವರ ರೋಗ ಗೊತ್ತಲ್ಲ, ಎಲ್ಲಕ್ಕೂ ವಿವರಣೆ ಬೇಕು. ಗುರು ಎತ್ತಿ ಒಗೆದಾಗ ‘ಈಗ ಕೈ ಎಲ್ಲಿಟ್ಟಿರಿ, ಕಾಲು ಹೇಗೆ ಬಂತು?’ ಎಂದು ಕೇಳಿದನಂತೆ. ಗುರು ‘ಬಾ’ ಎಂದು ಕರೆದು ಮತ್ತೆ ಒಗೆದರು. ಮತ್ತೆ ಕೇಳಿದ, ಮತ್ತೆ ಒಗೆದರು. ಕೇಳಿ ಕೇಳಿ ಕಲಿಯುವ ವಿದ್ಯೆಯಲ್ಲ ಇದು, ಬಿದ್ದು ಬಿದ್ದು ಕಲಿಯುವುದು ಎಂಬುದು ಅವರ ಪಾಠದ ಸಾರ. ಅದೇ ಶಾಲೆಯಲ್ಲಿ ಫುಕುಶಿಮಾ ಎಂಬ ದಡಿಯ ಸಹಪಾಠಿ. ಕಾನೋ ಏನು ಮಾಡಿದರೂ ಅಲುಗುವವನಲ್ಲ. ಕಾನೋ ಸುಮೋ ಪಟ್ಟುಗಳನ್ನು ಕೇಳಿ ತಿಳಿದ, ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತೆರೆದ, ಎದುರಾಳಿಯನ್ನು ಹೆಗಲ ಮೇಲೆ ಅಡ್ಡಡ್ಡ ಹೊತ್ತು ಕೆಡಹುವ ಉಪಾಯ ಕಂಡುಕೊಂಡ. ದಡಿಯ ದೊಪ್ಪನೆ ಬಿದ್ದ. ಆ ಪಟ್ಟು ಇಂದಿಗೂ ಜೂಡೋದಲ್ಲಿ ‘ಕತಾ ಗುರುಮಾ’ ಎಂಬ ಹೆಸರಲ್ಲಿ ಬದುಕಿದೆ.

ಬೋನು ಒಡ್ಡಿದವನು ಫುಕುಶಿಮಾ, ಅದೂ ಅವನಿಗೇ ತಿಳಿಯದಂತೆ. ಬೆಂಚಿನವರು ಗಮನಿಸಬೇಕಾದದ್ದು ಮುಂದಿನದು. 1882ರಲ್ಲಿ ಕಾನೋ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ತನ್ನದೇ ಕೊಡೋಕಾನ್ ಶಾಲೆ ತೆರೆದಾಗ, ಸ್ವಚ್ಛಂದ ಸೆಣಸಾಟದ ಜೊತೆಗೆ ಉಪನ್ಯಾಸವನ್ನೂ ಪ್ರಶ್ನೋತ್ತರವನ್ನೂ ಪಾಠದ ಭಾಗವಾಗಿ ಮಾಡಿದ. ಪ್ರಶ್ನೆ ಕೇಳಿ ಒಗೆಸಿಕೊಂಡವನು ತನ್ನ ಮಕ್ಕಳಿಗೆ ಪ್ರಶ್ನೆ ಕೇಳಲು ಬಿಟ್ಟ. ಮುಂದೆ ಶಿಕ್ಷಕರನ್ನು ತಯಾರಿಸುವ ದೊಡ್ಡ ಕಾಲೇಜಿಗೆ ಮುಖ್ಯಸ್ಥನೂ ಆದ. 1929ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿನಿಂದ ತಕಗಾಕಿ ಎಂಬ ಜೂಡೋ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಕವಿಗಳ ಆಶ್ರಮದಲ್ಲಿ ಎತ್ತಿ ಒಗೆಯುವ ತರಗತಿ! ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಅದನ್ನು ತರಬೇತಿಯೇ ಇಲ್ಲದೆ ನಡೆಸುತ್ತೇವೆ.

ಈ ನಡುವೆ ಮೈಸೂರಿನಿಂದ ನನ್ನ ಸೋದರಮಾವ ಬಂದಿಳಿದರು. ಚಿಕ್ಕಂದಿನಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿದವರು. ಎಷ್ಟು ಮಾಡಿದರು ಎಂಬುದು ಕೇಳುವವರ ವಯಸ್ಸಿನ ಮೇಲೆ ಹೋಗುತ್ತದೆ. ಅವರಿಗಿಂತ ಕಿರಿಯರಾದರೆ ದಸರೆಯಲ್ಲಿ ಕುಸ್ತಿ ಹಿಡಿದಿದ್ದಾರೆ, ಓರಗೆಯವರಾದರೆ ಬರೀ ಬಸ್ಕಿ ಹೊಡೆದಿದ್ದಾರೆ. ಪಾರ್ಕಿಗೆ ಬಂದವರೇ ಮೂಗು ಮುರಿದರು.

‘ಇದೇನಮ್ಮಾ, ಕೆಮ್ಮಣ್ಣಿಲ್ಲ, ಎಣ್ಣೆಯಿಲ್ಲ, ಮೂಲೆಯಲ್ಲಿ ಒಬ್ಬ ಹನುಮಂತನೂ ಇಲ್ಲ. ಕಲ್ಯಾಣದ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತ ಬರೆದಿಟ್ಟಿದ್ದಾನೆ. ಕಲಿಯೋ ಹುಡುಗನಿಗೆ ಭವಿಷ್ಣು ಅಂತ ಹೆಸರು. ಇಲ್ಲಿ ಏನಂತಾರೆ?’

‘ಯೆಲ್ಲೋ ಬೆಲ್ಟ್ ಅಂತಾರೆ ಮಾವಾ.’

‘ಥೂ!’

ಆದರೆ ಸುಣ್ಣದ ವೃತ್ತ ನೋಡಿದ್ದೇ ಮಾವ ತಣ್ಣಗಾದರು. ನೇರ ಮಾಸ್ಟರ್‌ಜೀ ಬಳಿ ಹೋಗಿ, ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ನಾಚುವಂಥ ಹಿಂದಿಯಲ್ಲಿ ಹೇಳಿದರು. ‘ಆಪ್ ಕುಛ್ ನಹೀಂ ಬೋಲತಾ, ಬಹುತ್ ಅಚ್ಛಾ. ಹಮಾರಾ ಉಸ್ತಾದ್ ಭೀ ನಹೀಂ ಬೋಲತಾ ಥಾ. ಸಿರ್ಫ್ ಮಾರ್ತಾ ಥಾ.’ ಮಾಸ್ಟರ್‌ಜೀ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕು, ‘ಮೇರಾ ಭೀ’ ಅಂದರು.

ಆಮೇಲೆ ಮಾವನ ಪುರಾಣ ಬಿಚ್ಚಿತು. ಗರಡಿಗೆ ಸೇರಿದ ಹೊಸಬನ ಕೈಗೆ ಉಸ್ತಾದರು ಮೊದಲು ಕೊಡುತ್ತಿದ್ದುದು ಪಟ್ಟಲ್ಲ, ಗುದ್ದಲಿ. ಅಖಾಡದ ಮಣ್ಣನ್ನು ಕೆದಕಿ ಹದ ಮಾಡುವುದೇ ಪಾಠ. ಬೆನ್ನು ಬಿಟ್ಟುಹೋಗುವಷ್ಟು ಅಗೆದ ಮೇಲೆ ಹುಡುಗನಿಗೆ ತಾನೇ ಹೊಳೆಯುತ್ತಿತ್ತು, ಬಲ ತೋಳಿನಿಂದ ತೆಗೆದರೆ ಅರ್ಧ ಗಂಟೆ, ತೊಡೆಯಿಂದ ತೆಗೆದರೆ ಅರ್ಧ ದಿನ. ‘ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂತ ನೀವೆಲ್ಲ ಅಣಕಿಸ್ತೀರಿ. ಅರ್ಧ ಪಟ್ಟು ಹುಟ್ಟಿದ್ದೇ ಹಾಗೆ ಕಣಮ್ಮಾ’ ಎಂದು ಎದ್ದು ತೋರಿಸಲು ಹೋದರು. ನಮ್ಮ ಮನೆಯವರು ಹಿಡಿದುಕೊಂಡರು, ಇಲ್ಲದಿದ್ದರೆ ಅಂದು ಇನ್ನೊಂದು ಪಟ್ಟು ಹುಟ್ಟುತ್ತಿತ್ತು.

ಪೂರಾ ತಾನೇ ಹುಡುಕಿಕೊಂಡವನ ಊರು ಮುನಿರ್ಕಾಕ್ಕೆ ದೂರವೂ ಅಲ್ಲ. ಮೆಟ್ರೋದ ಮಜೆಂಟಾ ಮಾರ್ಗದಲ್ಲಿ ಮೂರು ಸ್ಟೇಷನ್ ಹೋಗಿ ಹೌಜ್ ಖಾಸಿನಲ್ಲಿ ಹಳದಿ ಮಾರ್ಗ ಹಿಡಿದರೆ ಗುರುಗ್ರಾಮ. 2016ರವರೆಗೆ ಗುಡಗಾಂವ್ ಆಗಿದ್ದುದನ್ನು ದ್ರೋಣಾಚಾರ್ಯರ ಗೌರವಕ್ಕೆ ಗುರುಗ್ರಾಮ ಮಾಡಿದರು. ದ್ರೋಣರ ಹೆಸರಿನ ಮೆಟ್ರೋ ಸ್ಟೇಷನ್ನೂ ಇದೆ. ಏಕಲವ್ಯನಿಗೆ? ಅದೇ ಊರಿನ ಖಾಂಡಸಾ ಎಂಬಲ್ಲಿ ಒಂದು ಪುಟ್ಟ ಗುಡಿ. ಹೆಬ್ಬೆರಳು ಕೊಟ್ಟ ಜಾಗ ಅದೇ ಎಂದು ಅಲ್ಲಿಯವರ ನಂಬಿಕೆ. ಕೇಂದ್ರ ಸರ್ಕಾರ ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡುತ್ತದೆ, 1985ರಿಂದ ಕೋಚುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ. ಕ್ರೀಡಾಪಟುಗಳಿಗೆ ಏಕಲವ್ಯ ಪ್ರಶಸ್ತಿ ಕೊಡುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಕುವೆಂಪು ‘ಬೆರಳ್‌ಗೆ ಕೊರಳ್’ ಬರೆದರು, ಕೈಲಾಸಂ ಇಂಗ್ಲಿಷಿನಲ್ಲಿ ‘ದಿ ಪರ್ಪಸ್’ ಬರೆದರು. ಆ ಹುಡುಗನ ವಕಾಲತ್ತು ಕನ್ನಡಿಗರು ಚೆನ್ನಾಗಿಯೇ ವಹಿಸಿದ್ದೇವೆ.

ಮಾತಾಡದ ಗುರು ಬೇಕೆಂದರೆ ಅವನಿಗೆ ಸಿಕ್ಕಷ್ಟು ಅಪ್ಪಟ ಮೌನಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ, ಮಣ್ಣಿನವರೇ. ‘ಸೊಂಟ ತಿರುಗಿಸು’ ಅನ್ನುವುದಿಲ್ಲ, ಪ್ರತಿ ಬೆಲ್ಟಿಗೂ ಫೀಸು ಕೇಳುವುದಿಲ್ಲ. ನಿಜವಾದ ದ್ರೋಣರು ಬಂದಿದ್ದು ಕೊನೆಗೆ, ಒಟ್ಟಿಗೇ ವಸೂಲಿಗೆ. ಹುಡುಗ ಗುರುವಿಲ್ಲದೆ ಕಲಿಯುತ್ತಿರುವಷ್ಟು ದಿನ ಯಾರೂ ಇತ್ತ ತಲೆಹಾಕುವುದಿಲ್ಲ. ಅವನ ಬಾಣ ಗುರಿ ಮುಟ್ಟಿದ ಮಾರನೇ ದಿನ ಫೋಟೊದಲ್ಲಿ ಅವನ ಹೆಗಲ ಮೇಲೆ ಯಾರದೋ ಕೈ ಇರುತ್ತದೆ. ಹೀಗೆಂದು ನಾನು ಅಂದಾಗ ಅಂಡರ್ ಸೆಕ್ರೆಟರಿಗಳು, ಮಗಳ ಗೆಲುವಿನ ವಿಡಿಯೊಗೆ ‘ನನ್ನ ಟ್ರೈನಿಂಗ್’ ಎಂದು ಟೈಪು ಮಾಡುತ್ತಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಎಲ್ಲವನ್ನೂ ಹುಡುಕಿಕೊಳ್ಳಲು ಬಿಡುವಂತಿಲ್ಲ ಅನ್ನುವುದು ಗೊತ್ತಾಗಬೇಕಾದರೆ ಮುನಿರ್ಕಾದ ಹೆಂಗಸರ ತರಗತಿಗೆ ಬರಬೇಕು. 2012ರ ಡಿಸೆಂಬರ್ 16ರ ರಾತ್ರಿ, ಮುಂದೆ ದೇಶವೆಲ್ಲ ‘ನಿರ್ಭಯಾ’ ಎಂದು ಕರೆದ ಆ ಹುಡುಗಿಯೂ ಅವಳ ಗೆಳೆಯನೂ ಬಸ್ಸು ಹತ್ತಿದ್ದು ಇದೇ ಮುನಿರ್ಕಾ ಸ್ಟಾಪಿನಲ್ಲಿ. ಆ ಹೆಸರು ಹೇಳಿದರೆ ಇವತ್ತಿಗೂ ಇಲ್ಲಿಯ ತಾಯಂದಿರು ಗಡಿಯಾರ ನೋಡುತ್ತಾರೆ. ದೆಹಲಿ ಪೊಲೀಸರ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕ ಇರುವುದು ಹತ್ತಿರದ ನಾನಕ್‌ಪುರದಲ್ಲಿ. ಅವರು ಶಾಲೆ ಕಾಲೇಜುಗಳಿಗೆ ಹೋಗಿ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರೆ. ಕಲಿಯಬೇಕಾದವರು ಹುಡುಗಿಯರು ಮಾತ್ರವೇ ಎಂಬುದನ್ನು ನಾವು ಬೆಂಚಿನಲ್ಲಿ ಹಲವು ಸಲ ಕೇಳಿಕೊಂಡಿದ್ದೇವೆ. ಉತ್ತರ ಗೊತ್ತಿದ್ದೂ ಹುಡುಗಿಯರನ್ನೇ ತರಗತಿಗೆ ಕಳಿಸುತ್ತೇವೆ.

ನಮ್ಮ ಪಾರ್ಕಿನ ಹೆಂಗಸರ ತರಗತಿ ನಡೆಸುವವಳು ಮಾಸ್ಟರ್‌ಜೀ ತಂಗಿ, ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಬರುತ್ತಾಳೆ. ಯಾರಾದರೂ ಮಣಿಕಟ್ಟು ಹಿಡಿದರೆ ಅವರ ಹೆಬ್ಬೆರಳು ಇರುವ ಕಡೆಗೆ ತಿರುಚಿ ಎಳೆಯಿರಿ, ಹಿಡಿತ ಸಡಿಲವಾಗಿರುವುದು ಅಲ್ಲಿಯೇ, ಎಂದು ಅವಳು ಮೊದಲ ದಿನವೇ ಬಿಡಿಸಿ ಹೇಳಿದಳು. ಇದಕ್ಕೆ ಬೋನೂ ಇಲ್ಲ, ವೃತ್ತವೂ ಇಲ್ಲ. ಕತ್ತಲ ಗಲ್ಲಿಯಲ್ಲಿ ಕಂಡುಹಿಡಿದುಕೊಳ್ಳಲಿ ಎಂದು ಬಿಡುವ ವಿಷಯ ಇದಲ್ಲವೆಂದು ನರ್ಸಿಗೆ ಗೊತ್ತು. ಅದಾದ ಮೇಲೆ ಅಣ್ಣನ ದಾರಿಗೇ ಬಂದಳು. ‘ಈಗ ಕಿರುಚಿ’ ಅಂದಳು.

ಕಿರುಚುವುದಕ್ಕೆ ತರಬೇತಿಯೇ ಎಂದು ಬೆಂಚು ನಕ್ಕಿತು. ಆದರೆ ಮನೆಯಲ್ಲಿ ಮೂರು ಮಹಡಿಗೆ ಕೇಳುವ ಹಾಗೆ ಮಕ್ಕಳನ್ನು ಎಬ್ಬಿಸುವ ಹೆಂಗಸರೆಲ್ಲ ಸಾಲಾಗಿ ನಿಂತು, ಎರಡನೇ ಸಲ ಪಾಯಸ ಬಡಿಸಲು ಬಂದವರಿಗೆ ಹೇಳುವಷ್ಟು ಮೆತ್ತಗೆ ‘ನಹೀಂ ನಹೀಂ’ ಅಂದರು. ‘ಫಿರ್ ಸೇ.’ ಮತ್ತೆ ‘ನಹೀಂ’. ಯಾರೋ ‘ಪ್ಲೀಸ್’ ಎಂದು ಸೇರಿಸಿದರು. ಹೇಗೆ ಕಿರುಚಬೇಕು, ಹೊಟ್ಟೆಯಿಂದಲೇ, ಗಂಟಲಿನಿಂದಲೇ ಎಂದು ಧಾರವಾಡದ ಅಕ್ಕ ಕೇಳಿದರು. ‘ಖುದ್ ಢೂಂಢೋ’ ಎಂದು ಹೇಳಿ ಆ ಹುಡುಗಿ, ನಮ್ಮಲ್ಲೇ ಗಟ್ಟಿಮುಟ್ಟಾದ ಪಂಜಾಬಿ ಆಂಟಿಗೆ ಕಣ್ಸನ್ನೆ ಮಾಡಿದಳು. ಆಂಟಿ ಹಿಂದಿನಿಂದ ಬಂದು ಅಕ್ಕನ ಕೈ ಹಿಡಿದು, ಹೇಳದೆ ಕೇಳದೆ ಗೇಟಿನ ಕಡೆ ದರದರ ಎಳೆದುಕೊಂಡು ಹೊರಟೇಬಿಟ್ಟರು.

ನಾಲ್ಕು ಹೆಜ್ಜೆ ಅಕ್ಕ ಎಳೆದ ಕಡೆ ಹೋದರು. ಐದನೆಯದಕ್ಕೆ ಕಾಲು ಊರಿದರು, ಸೊಂಟ ಇಳಿಯಿತು, ಮಣಿಕಟ್ಟು ಹೆಬ್ಬೆರಳಿನತ್ತ ತಿರುಗಿತು.

‘ಏಯ್, ಸರಿ ಅತ್ಲಾಗ! ಯಾರಕೀ ನೀ? ಕೈ ಬಿಡಾ!’

ಪಂಜಾಬಿ ಆಂಟಿ ಕೈಬಿಟ್ಟು ಮೂರು ಮಾರು ಹಿಂದೆ ಜಿಗಿದರು. ಪ್ರಾಣಾಯಾಮದವರು ಕಣ್ಣು ತೆರೆದರು, ನಗೆಕೂಟದವರು ಮುಚ್ಚಿದರು. ಚೌಕೀದಾರ ಲಾಠಿ ಹಿಡಿದು ಓಡಿಬಂದವನು ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಮ್ಮ ಪಿಎಚ್‌ಡಿ ಹುಡುಗನ ತೋಳು ಹಿಡಿದ. ನರ್ಸ್ ಹುಡುಗಿ ಕೈತಟ್ಟಿ ‘ಬಸ್, ಯಹೀ!’ ಅಂದಳು. ಆಮೇಲೆ ನೋಡಬೇಕಿತ್ತು. ಮುನಿರ್ಕಾ ಹಳ್ಳಿಯ ಜಾಟ ಅಜ್ಜಿ ಹರಿಯಾಣ್ವಿಯಲ್ಲಿ ಕೂಗಿದರು, ಪಂಜಾಬಿ ಆಂಟಿ ತಮ್ಮದರಲ್ಲಿ, ಇಂಫಾಲದ ಹುಡುಗಿಯರು ಮೈತೇಯಿಯಲ್ಲಿ. ಒಬ್ಬರೂ ‘ನಹೀಂ’ ಅನ್ನಲಿಲ್ಲ. ಎಲ್ಲರೂ ಅಕ್ಕನನ್ನು ಸುತ್ತುವರಿದು, ಎಲ್ಲಿತ್ತು ಇಷ್ಟು ದಿನ ಈ ದನಿ, ಹೇಗೆ ಹುಡುಕಿದಿರಿ ಎಂದು ಕೇಳುತ್ತಿರುವಾಗ ಅವರ ಯಜಮಾನರು ಬೆಂಚಿನ ಮೇಲಿಂದ ನನ್ನ ಕಡೆ ವಾಲಿ, ದನಿ ತಗ್ಗಿಸಿ ಹೇಳಿದರು:

‘ಇದನ್ನ ಹುಡುಕಾಕ ಪಾರ್ಕಿಗೆ ಬರೋದು ಏನಿತ್ರೀ? ನನ್ನ ಕೇಳಿದ್ರ ನಾನss ಹೇಳ್ತಿದ್ದೆ.’